ಅವ್ವನ ಕಂಬಳಿ ಬರ್ಮಾಕ್ಕೆ

ಬಳ್ಳಿಗಾವಿ, ೯ ಜನವರಿ ೧೯೫೮, ಗುರುವಾರ

ಅಣ್ಣ ಅವ್ವನ ಕಂಬಳಿಯನ್ನು ಬರ್ಮಾಕ್ಕೆ ಕಳಿಸುತ್ತಿದ್ದಾನೆ. ಅವ್ವ ಸಾಯುವ ಮುಂಚೆ ನೂತ ಕೊನೆಯ ಉಣ್ಣೆ ಅದು. ನನ್ನ ಮದುವೆಯಲ್ಲಿ ಹಾಸಲೆಂದೇ ಎತ್ತಿಟ್ಟಿದ್ದು.

ಯುದ್ಧದಲ್ಲಿ ಅಣ್ಣನ ಪಲ್ಟನ್ ಬರ್ಮಾದಿಂದ ಹಿಂದೆ ಸರಿದಾಗ, ಜ್ವರ ಬಂದಿದ್ದ ಅವನನ್ನು ಹೊತ್ತು ಕಾಡು ದಾಟಿಸಿದವನು ಸಾ ಬಾ ಎಂಬ ಅಲ್ಲಿಯ ಹುಡುಗನಂತೆ; ಕಂಬಳಿ ಅವನಿಗೇ. ಪಲ್ಟನ್ನಿನವರು ಅವನನ್ನು ಅಲ್ಲೇ ಬಿಟ್ಟು ಬಂದರು. ಜಪಾನಿನವರು ಅವನ ಮನೆ ಸುಟ್ಟರು. ಪಾಪ, ನಿಜ. ಆದರೆ ಕಂಬಳಿ ನನ್ನದು!

ಅದೇ ಪಲ್ಟನ್ನಿನಲ್ಲಿದ್ದ ಟೈಲರ್ ಮಸ್ತಾನ್ ಸಾಬ್ ಇವತ್ತು ಶಿಕಾರಿಪುರದಿಂದ ಬಂದು, ಕಂಬಳಿಯನ್ನು ಗೋಣಿಯಲ್ಲಿಟ್ಟು ಹೊಲಿಯತೊಡಗಿದರು. ಪಕ್ಕದ ಮನೆ ಗುತ್ಯಮ್ಮ ಇಣುಕಿದಳು.

"ಯಾರಿಗಪ್ಪಾ ಉಜ್ಜಪ್ಪ, ಇಷ್ಟು ಚಲೋ ಕಂಬಳಿ?"

"ನನ್ನ ತಮ್ಮಂಗೆ" ಅಂದ ಅಣ್ಣ.

ಅವನ ಒಡಹುಟ್ಟಿದ ತಮ್ಮ ನಾನು, ಅಲ್ಲೇ ದಬ್ಬಳಕ್ಕೆ ದಾರ ಪೋಣಿಸುತ್ತಾ ಕೂತಿದ್ದೆ. ಗುತ್ಯಮ್ಮ ನನ್ನ ಮುಖ ನೋಡಿ ನಕ್ಕಳು. ಅಣ್ಣ ನನ್ನ ಕಡೆ ತಿರುಗಲೂ ಇಲ್ಲ. ಗಂಟು ಸಣ್ಣದಾಯಿತೆಂದು ತಾನು ಹೊದೆಯುವ ಕಂಬಳಿಯನ್ನೂ ಅದರೊಳಗೆ ತುರುಕಿದ.

ಈಗ ಪಡಸಾಲೆಯಲ್ಲಿ ಬರೀ ಪಂಚೆ ಹೊದ್ದು ಮುದುಡಿಕೊಂಡಿದ್ದಾನೆ. ಹಲ್ಲು ಕಟಕಟ ಅನ್ನುವುದು ಇಲ್ಲಿಗೆ ಕೇಳುತ್ತದೆ. ನನ್ನ ಹತ್ತಿರ ಎರಡು ಕಂಬಳಿ ಇವೆ. ಎದ್ದು ಒಂದನ್ನು ಹೊದಿಸಬಹುದು.

ಹೊದಿಸುವುದಿಲ್ಲ. ಅವನ ತಮ್ಮನೇ ಬಂದು ಹೊದಿಸಲಿ.