ಟೈಲರ್ ಕೆಮ್ಮು, ಡ್ರೈವರ್ ಮುನಿಸು

ಬಾರಿನ ಹಿಂದಿನ ಕೋಣೆ
ತಾರೀಖು ೧೪, ಮಂಗಳವಾರ ಬೆಳಿಗ್ಗೆ

ಪ್ರೀತಿಯ ಅತ್ತೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿ ಹೇಗಿದೆ? ಆಪರೇಷನ್ನಿನ ಹೊಲಿಗೆ ಬಿಚ್ಚಿದರಾ? ನಾದಿನಿ ಮನೆಯಲ್ಲಿ ಸುಮ್ಮನೆ ಕೂತಿದ್ದೀರಿ ತಾನೆ? ಡಾಕ್ಟರು ಇಪ್ಪತ್ತು ಹೆಜ್ಜೆ ಎಂದರೆ ನಲವತ್ತು ನಡೆಯುವವರು ನೀವು, ಅದಕ್ಕೇ ಕೇಳುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ಮಾವ ಕಣ್ಮುಚ್ಚಿದ ಮೇಲೆ ನಿಮ್ಮ ಮಗ, ಅವರೂ ತೀರಿಕೊಂಡ ಮೇಲೆ ನಾವಿಬ್ಬರೇ ನಡೆಸಿಕೊಂಡು ಬಂದ ಈ ಬಾರೂ ಚೆನ್ನಾಗಿದೆ. ಸೋರುತ್ತಿದ್ದ ನಲ್ಲಿಗೆ ಹೊಸ ವಾಷರ್ ಹಾಕಿಸಿದೆ. ಅಲ್ಲಿಗೆ ನನ್ನ ಸಮಾಚಾರ ಮುಗಿಯಿತು. ನಿಂತಿದ್ದರೆ ಈಗ ಕುಳಿತುಕೊಳ್ಳಿ. ಮುಂದಿನದು ನಿಮ್ಮದೇ ಸಮಾಚಾರ, ಭಾನುವಾರದಿಂದ ನನ್ನ ಕೈಕಾಲು ಒಂದು ಕಡೆ ನಿಲ್ಲುತ್ತಿಲ್ಲ.

ಎಲ್ಲಕ್ಕೂ ನಿಮ್ಮ ಹೋದ ವಾರದ ಕಾಗದವೇ ಕಾರಣ. ನಿಮ್ಮ ಕಾಗದ ಬಂತೆಂದರೆ ಸಂಜೆ ಕೌಂಟರಿನ ಹಿಂದೆ ನಿಂತು ನಾನು ಎಲ್ಲರಿಗೂ ಓದಿ ಹೇಳಬೇಕು, ಇಲ್ಲದಿದ್ದರೆ ಯಾರೂ ಬಿಡುವುದಿಲ್ಲ. ಅದರಲ್ಲಿ ನೀವು 'ಟೈಲರ್ ಮಾಸ್ಟರ ಕೆಮ್ಮು ಇಳಿಯಿತೇ?' ಎಂದು ಕೇಳಿದ್ದಿರಿ. ಬರೀ ಒಂದು ಸಾಲು. ಟೈಲರ್ ಮಾಸ್ಟರ ಮುಖ ಊರಗಲವಾಯಿತು. ಕೆಮ್ಮು ಬರದಿದ್ದರೂ ಎರಡು ಸಲ ಕೆಮ್ಮಿದರು. ಎದುರಿಗಿದ್ದ ನಮ್ಮ ರೈಲು ಡ್ರೈವರು, ನಿವೃತ್ತರಾಗಿ ಎರಡು ವರ್ಷವಾದರೂ ಎಲ್ಲರಿಗೂ ಡ್ರೈವರೇ ಆಗಿರುವವರು, ಗ್ಲಾಸಿನಲ್ಲಿ ಅರ್ಧ ಬಿಯರ್ ಬಿಟ್ಟು ಎದ್ದು ಹೋದರು. ಅವರು ಒಂದು ಹನಿ ಬಿಟ್ಟದ್ದನ್ನಾದರೂ ನೀವು ಎಂದಾದರೂ ನೋಡಿದ್ದೀರಾ?

ಮರುದಿನ ಬಂದವರು ಟೈಲರ್ ಮಾಸ್ಟರ ಜೊತೆ ಕೂರದೆ ಕಿಟಕಿ ಪಕ್ಕದ ಮೇಜಿಗೆ ಹೋಗಿ ಬೆನ್ನು ತಿರುಗಿಸಿ ಕುಳಿತರು. ನಾಲ್ಕು ದಿನ ಇದೇ ಕಥೆ. ಇವರ ಮಾತನ್ನು ಅವರಿಗೆ, ಅವರ ಮಾತನ್ನು ಇವರಿಗೆ ಮುಟ್ಟಿಸುವುದು ನನ್ನ ಕೆಲಸ. 'ಕಿಟಕಿ ಹತ್ರ ಗಾಳಿ ಚೆನ್ನಾಗಿ ಬರುತ್ತಾ ಕೇಳಮ್ಮ' ಎಂದು ಇವರು. 'ಕೆಮ್ಮೋರ ಹತ್ರ ಕೂರೋಕಾಗಲ್ಲ ಅಂತ ಹೇಳಮ್ಮ' ಎಂದು ಅವರು. ಇಬ್ಬರಿಗೂ ಅರವತ್ತು ದಾಟಿದೆ, ಅತ್ತೆ. ನಗು ತಡೆಯಲಾರದೆ ನಾನು ಅಡುಗೆಮನೆಗೆ ಓಡುತ್ತಿದ್ದೆ.

ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಟೈಲರ್ ಮಾಸ್ಟರು ಒಂದು ಪೊಟ್ಟಣ ತಂದರು. ಬಿಚ್ಚಿದರೆ ಹಸಿರು ಮಖಮಲ್ಲಿನ ದಪ್ಪ ದಿಂಬು. ನೀವು ವಾಪಸು ಬಂದಾಗ ಮೆತ್ತಗಿರಲಿ ಎಂದು ನಿಮ್ಮ ಸ್ಟೂಲಿಗೆ ಹೊಲಿದದ್ದಂತೆ. ಕೌಂಟರಿನ ಹಿಂದೆ ಬಂದು, ಕಟ್ಟಿ, ಸರಿಯಿದೆಯೇ ಎಂದು ನೋಡಲು ಅದರ ಮೇಲೆ ಕುಳಿತೇಬಿಟ್ಟರು. ಕಿಟಕಿಯ ಕಡೆ ಕುರ್ಚಿ ಸರಿದ ಸದ್ದಾಯಿತು.

'ಏಳಿ ಅಲ್ಲಿಂದ,' ಎಂದರು ಡ್ರೈವರು. 'ಅದು ಅವರ ಜಾಗ.'

'ಅವರಿಗೇ ಹೊಲಿದಿರೋದು. ನಿಮಗ್ಯಾಕ್ರೀ ಉರಿ?'

'ಉರಿಯುತ್ತೆ.' ಡ್ರೈವರು ದನಿ ಎತ್ತರಿಸಲಿಲ್ಲ. 'ಹನ್ನೊಂದು ವರ್ಷದಿಂದ ಊರಲ್ಲಿದ್ದ ದಿನವೆಲ್ಲ ಒಂದೇ ಗ್ಲಾಸನ್ನ ಒಂದೂವರೆ ಗಂಟೆ ಕುಡೀತಿದೀನಿ. ಇಲ್ಲಿ ಬಿಯರ್ ಅಷ್ಟು ಚೆನ್ನಾಗಿದೆ ಅಂದ್ಕೊಂಡ್ರಾ?'

ಊರಿನವರ ಬಾಯಿ ತೆರೆಸುವ ಹಲ್ಲಿನ ಡಾಕ್ಟರಮ್ಮನೇ ಬಾಯಿ ತೆರೆದುಕೊಂಡು ಕುಳಿತಿದ್ದರು. ಇನ್ನು ಹೊಡೆದಾಟವೇ ಎಂದುಕೊಂಡೆ. ಟೈಲರ್ ಮಾಸ್ಟರು ಮೆಲ್ಲಗೆ ಇಳಿದು, ದಿಂಬಿನ ದಾರ ಬಿಗಿಯುತ್ತಾ ಹೇಳಿದ್ದೇ ಬೇರೆ.

'ಅವರು ಆಸ್ಪತ್ರೆಗೆ ಹೊರಡೋ ಹಿಂದಿನ ದಿನ ನಾನು ಮದುವೆ ಆಗ್ತೀರಾ ಅಂತ ಕೇಳಿದೆ. ಇಲ್ಲ ಅಂದ್ರು. ಮನಸ್ಸು ಬೇರೆ ಕಡೆ ಇದೆ, ಆ ಮನುಷ್ಯ ಬಾಯೇ ಬಿಡಲ್ಲ, ನಾನಾಗಿ ಹೇಗೆ ಕೇಳಲಿ ಅಂದ್ರು. ಯಾರು ಅಂತ ಹೇಳಲಿಲ್ಲ. ಹೇಳಬೇಕಾಗೂ ಇರಲಿಲ್ಲ. ನಿಮಗೆ ತಿಳಿಸೋಕೆ ನನಗೆ ಹೊಟ್ಟೆಕಿಚ್ಚು, ಅಷ್ಟೇ.'

'ಬಾಯೇ ಬಿಡಲ್ಲ ಅಂದ್ರಾ? ಮೂರು ವರ್ಷದ ಹಿಂದೇನೇ ನಾನು...' ಎಂದ ಡ್ರೈವರು ಅಲ್ಲಿಗೇ ಮಾತು ನುಂಗಿದರು. ನನ್ನ ಕಡೆ ಒಮ್ಮೆ ನೋಡಿ, 'ಹೌದು, ನಾನೇ ಎದುರಿಗೆ ನಿಂತು ಕೇಳಬೇಕಿತ್ತು' ಎಂದರು. ಪಕ್ಕದ ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡರು. ಟೈಲರ್ ಮಾಸ್ಟರು ಕುರ್ಚಿ ಎಳೆದುಕೊಟ್ಟು 'ಕೂತ್ಕೊಳ್ಳಿ, ಬಿದ್ದೀರಿ' ಎಂದರು. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಬಾರೇ ತಟ್ಟಿತು.

ಟೈಲರ್ ಮಾಸ್ಟರು ನಿಮ್ಮ ಗುಟ್ಟು ಬಿಟ್ಟುಕೊಟ್ಟರೆಂದು ಸಿಟ್ಟಾಗಬೇಡಿ. ನಿನ್ನೆ ಡ್ರೈವರ ಕೋಟಿನ ತೋಳು ಸರಿಮಾಡಿಕೊಟ್ಟವರೂ ಅವರೇ. 'ಇದನ್ನೂ ನನ್ನ ಕೈಯಲ್ಲೇ ಮಾಡಿಸ್ಕೊಳ್ಳಿ' ಎಂದು ಬೈಯುತ್ತಲೇ ಹೊಲಿದರು. ಆಮೇಲೆ ಮುಖ ತೊಳೆದು ಬರುತ್ತೇನೆಂದು ಹೋದವರು ಬಹಳ ಹೊತ್ತು ಬರಲಿಲ್ಲ. ಕೋಟು ಯಾಕೆಂದರೆ, ಡ್ರೈವರು ಶುಕ್ರವಾರದ ರೈಲಿಗೆ ನಿಮ್ಮಲ್ಲಿಗೆ ಬರುತ್ತಿದ್ದಾರೆ. ಜೀವಮಾನವಿಡೀ ರೈಲು ಓಡಿಸಿದವರು ಟಿಕೆಟನ್ನು ಹತ್ತು ಸಲ ತೆಗೆದು ನೋಡುತ್ತಿದ್ದಾರೆ. ಮಾತು ತಡವರಿಸಿದರೆ ಸ್ವಲ್ಪ ಕಾಯಿರಿ.

ನಾದಿನಿಗೆ, ಮಕ್ಕಳಿಗೆ ನನ್ನ ನೆನಪು ಹೇಳಿ. ಮಾತ್ರೆ ತಪ್ಪಿಸಬೇಡಿ.

ನಿಮ್ಮ ಕಾಲಿಗೆರಗುವ
ಸೊಸೆ

ತಾ.ಕ.: ಅಂಚೆ ಎತ್ತುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಈ ಲಕೋಟೆಯೊಳಗೆ ಇನ್ನೊಂದು ಪುಟ್ಟ ಲಕೋಟೆ ಇದೆ. ಮೂರು ವರ್ಷದ ಹಿಂದೆ ಡ್ರೈವರು ನಿಮಗೆ ಕೊಡು ಎಂದು ನನ್ನ ಕೈಗಿಟ್ಟದ್ದು. ನಿಮ್ಮ ಮಗ ಹೋಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ನೀವೂ ಹೊರಟುಬಿಟ್ಟರೆ ನನಗೆ ಯಾರು ಎಂದು ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟೆ. ಒಡೆದು ಓದಿಲ್ಲ, ಓದದೆಯೇ ಗೊತ್ತಿತ್ತು. ಉತ್ತರ ಬಾರದ್ದರಿಂದ ನೀವು ಒಲ್ಲೆ ಎಂದಿರೆಂದು ತಿಳಿದು ಅವರು ಸುಮ್ಮನಾದರು. ಭಾನುವಾರ ಎಲ್ಲ ಅರ್ಥವಾದ ಮೇಲೂ ಅಷ್ಟು ಜನರೆದುರು ನನ್ನನ್ನು ಎತ್ತಿ ಆಡಲಿಲ್ಲ. ನನಗೆ ಎಷ್ಟು ಬೈದರೂ ಸರಿ, ಅತ್ತೆ. ಆದರೆ ನಾನು ಒಂಟಿಯಾಗುತ್ತೇನೆಂದು ಅವರಿಗೆ ಬೇಡವೆನ್ನಬೇಡಿ. ಅವರು ಬಾಗಿಲು ತಟ್ಟುವ ಮೊದಲು ಇದನ್ನು ಓದಿಬಿಡಿ.