ಜೀಪಿನ ಹಿಂದಿನ ಗಾಳಿ

ಆಳಂದ
೧೮ ಜನವರಿ ೨೦೨೫

ಅಜಯಕುಮಾರ ಅವರಿಗೆ,

ಜೈಭೀಮ್.

ಮಾವನವರು ತೀರಿಕೊಂಡು ಇಂದಿಗೆ ಒಂಬತ್ತು ದಿನ. ನಿಮ್ಮ ತಂದೆಯ ಸಾವಿನ ಸುದ್ದಿಯನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕೇ ಸೊಲ್ಲಾಪುರದ ಗ್ಯಾರೇಜಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಕಲ್ಲು ಪಾಲಿಶ್ ಮಾಡುವಲ್ಲಿ ಮೂವತ್ತು ವರ್ಷ ದುಡಿದ ಅವರ ಎದೆಯಲ್ಲಿ ಧೂಳು ಗಟ್ಟಿಯಾಗಿ ಕೂತಿತ್ತು. ಎಂಟು ದಿನಕ್ಕೊಮ್ಮೆ ಕಲಬುರಗಿ ಆಸ್ಪತ್ರೆಗೆ ಹೋಗಬೇಕಿತ್ತು. ಮೊದಲ ಸಲ ಬಾಡಿಗೆ ಕಾರು ತರಿಸಿದೆ. ಬಾಗಿಲು ಹಾಕಿದ್ದೇ ತಡ, ಗಾಜಿಗೆ ಕೈ ಬಡಿಯತೊಡಗಿದರು. "ತೆಗೀರಿ, ದಮ್ ಕಟ್ತದ, ತೆಗೀರಿ!" ಬಸ್ ನಿಲ್ದಾಣ ದಾಟುವ ಮೊದಲೇ ಇಳಿಸಬೇಕಾಯಿತು.

ಆಗ ನೆನಪಾದದ್ದು ಮದುವೆ ಮೆರವಣಿಗೆಗೆಂದು ನೀವು ಮೇಲಿನ ಹುಡ್ ಕಿತ್ತಿಸಿದ್ದ ಜೀಪ್. ಓಡಿಸಲು ನೀವೇ ಕಲಿಸಿದ್ದಿರಿ, ಮದುವೆಯಾದ ಮೊದಲ ವರ್ಷ. ಅದರಲ್ಲಿ ಕೂತಾಗ ಅವರಿಗೆ ಉಸಿರು ಸಲೀಸಾಯಿತು. ಆದರೆ ಊರು ಬಿಟ್ಟು ವೇಗ ಹೆಚ್ಚಿದಂತೆ ಚಳಿಗಾಳಿ ಕತ್ತಿಗೆ ಹೊಡೆದು ಕೆಮ್ಮು ಎಬ್ಬಿಸಿತು. ಅರ್ಧ ದಾರಿಯ ಕಡಗಂಚಿ ಬರುವಷ್ಟರಲ್ಲಿ ಟವೆಲಿನ ತುಂಬ ರಕ್ತ.

ಮುಂದಿನ ವಾರ ಗಾಳಿ ತಡೆಯಲು ಹಳೆಯ ಸೀರೆ ಕಟ್ಟಿದೆ. ಪಟಪಟ ಬಡಿದು ಹರಿದುಹೋಯಿತು. ರಟ್ಟು ಕಟ್ಟಿದೆ, ಮುರಿಯಿತು. ಕುಶನ್ ಅಂಗಡಿಯ ಲಾಡ್ಲೆಸಾಬ ನೋಡಿ ನಕ್ಕ. "ಗಾಳಿ ಮುಂದಿಂದ ಬರಂಗಿಲ್ರಿ ಅಕ್ಕಾ. ಮುಂದಿನ ಕಾಜಿನ ಮ್ಯಾಲಿಂದ ಹಾದು, ಹಿಂದಿಂದ ತಿರುಗಿ ಬರ್ತದ. ಪೂರಾ ಬಂದ್ ಮಾಡಬ್ಯಾಡ್ರಿ. ಸೀಟಿನ ಹಿಂದ ಜಾಳಿ ಹಚ್ರಿ, ಜೋರ್ ಕಮ್ಮಿ ಆಗ್ತದ."

ನೀರಿನ ಪೈಪು ಕತ್ತರಿಸಿ ಚೌಕಟ್ಟು ಮಾಡಿ, ಸೊಳ್ಳೆ ಜಾಳಿಯನ್ನು ಎರಡು ಪದರು ಹೊಲಿದು ಸೀಟಿನ ಹಿಂದೆ ಬಿಗಿದೆವು. ಎರಡು ಸೀಟಿನ ನಡುವಿನ ಸಂದಿಗೆ ಕೌದಿ ಸುತ್ತಿ ತುರುಕಿದೆ. ಪಕ್ಕದಲ್ಲಿ ದಪ್ಪ ಪ್ಲಾಸ್ಟಿಕ್ ಹಾಳೆ, ಕಾಲ ಬಳಿಯ ತೂತುಗಳಿಗೆ ಟ್ಯೂಬಿನ ರಬ್ಬರು. ಆಮೇಲೆ ನಲವತ್ತರ ವೇಗದಲ್ಲೂ ಅವರು ಮಡಿಲಲ್ಲಿ ಪೇಪರ್ ಹರವಿ ಓದುತ್ತಿದ್ದರು. "ಹಾಳಿ ಸುದ್ದಾ ಅಲುಗಂಗಿಲ್ಲ ನೋಡ್ ಯವ್ವಾ" ಎಂದು ನನಗೆ ತೋರಿಸುತ್ತಿದ್ದರು. ನಾನು ಮಾಡಿದ್ದನ್ನು ಯಾರಾದರೂ ಹಾಗೆ ಹೊಗಳಿ ಎಷ್ಟೋ ವರ್ಷಗಳಾಗಿದ್ದವು.

ಒಂಬತ್ತನೇ ತಾರೀಖು ಹೊರಟಾಗ ಮಂಜು ಇತ್ತು. ಕಡಗಂಚಿಯವರೆಗೆ ಸಣ್ಣಗೆ ಕೆಮ್ಮುತ್ತಿದ್ದರು. ಆಮೇಲೆ ಕೆಮ್ಮು ನಿಂತಿತು. ಜಾಳಿ ಚೆನ್ನಾಗಿ ಹೊಂದಿಕೊಂಡಿತು ಎಂದು ನಾನು ಹಿಗ್ಗಿದೆ. ನಿದ್ದೆ ಕೆಡದಿರಲೆಂದು ಹಾರ್ನ್ ಕೂಡ ಹೊಡೆಯಲಿಲ್ಲ. ಒಬ್ಬಳೇ ಮಾತಾಡುತ್ತಾ ಹೋದೆ, ಮನೆಗೆ ಹೋದ ಮೇಲೆ ಹುಗ್ಗಿ ಮಾಡುತ್ತೇನೆ ಎಂದೆ. ಆಸ್ಪತ್ರೆಯ ಗೇಟಿನಲ್ಲಿ ಆಯಾ ಬಂದು ಅವರ ಕೈ ಹಿಡಿದು ನೋಡಿ, "ಯಾವಾಗ ಹೋದ್ರು ಅಕ್ಕಾ?" ಎಂದಳು. ಅರ್ಧ ತಾಸಿನ ಮೇಲಾಗಿದೆ ಎಂದರು ಡಾಕ್ಟರು. ಅಷ್ಟು ದೂರ ನಾನು ಹೆಣದೊಡನೆ ಮಾತಾಡಿದ್ದೆ.

ಗಾಳಿ ಬಡಿಯುತ್ತಿದ್ದರೆ ಕೆಮ್ಮುತ್ತಿದ್ದರೋ, ನಾನು ತಿರುಗಿ ನೋಡುತ್ತಿದ್ದೆನೋ! ಯಾವಾಗ ಹೋದರೂ ಹೋಗುವವರೇ ಎಂದು ಡಾಕ್ಟರು ಸಮಾಧಾನ ಹೇಳಿದರು. ನನಗೆ ಆಗಲಿಲ್ಲ.

ಮರುದಿನ ಬುದ್ಧನ ತ್ರಿಶರಣ ಹೇಳಿ ಮಣ್ಣು ಮಾಡಿದೆವು. ಮಗ ಎಲ್ಲಿ ಎಂದು ಜನ ಕೇಳಿದರು. ಪತ್ತೆ ಇಲ್ಲ ಎಂದೆ. ಲಾಡ್ಲೆಸಾಬ ಹೆಗಲು ಕೊಟ್ಟ.

ಮೂರು ವರ್ಷದ ಹಿಂದೆ ನೀವು ನನ್ನ ಮೇಲೆ ಕೈ ಮಾಡಿದ ದಿನ, ನಿಮ್ಮನ್ನು ಹೊರಗೆ ಹಾಕಿ ನನ್ನನ್ನು ಮನೆಯಲ್ಲಿ ಇಟ್ಟುಕೊಂಡವರು ಅವರು. ಆಮೇಲೆ ಒಮ್ಮೆಯೂ ನಿಮ್ಮ ಹೆಸರು ಎತ್ತಲಿಲ್ಲ. ನೀವು ಬಂದು ಮಣ್ಣಿಗೆ ಕೈ ಮುಗಿದು ಹೋಗಿ. ಮನೆಯೊಳಗೆ ಬರಬೇಡಿ.

ಅಮೃತ

ತಾ.ಕ: ಹೆಸರು ಎತ್ತಲಿಲ್ಲ ಎಂದು ಮೇಲೆ ಬರೆದದ್ದು ಸುಳ್ಳು. ದಿನಾ ಕೇಳುತ್ತಿದ್ದರು. ಒಂಬತ್ತನೇ ತಾರೀಖು ಮುಂಜಾನೆ ನಾವು ಹೊರಡುವಾಗಲೂ ನಿಮ್ಮ ಫೋನ್ ಬಂತು, ಈ ತಿಂಗಳಲ್ಲಿ ನಾಲ್ಕನೇ ಸಲ. "ಅಜಯ ಏನು?" ಎಂದು ಕೈ ಚಾಚಿದರು. ರಾಂಗ್ ನಂಬರ್ ಎಂದು ಹೇಳಿ ನಾನೇ ಕಟ್ ಮಾಡಿದೆ.