ಮೂರು ಸಲ ಹೇಳಿದ ಪ್ರಾರ್ಥನೆ

ಮನೆಯಿಂದ,
ಗುರುವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಪಾಪಚ್ಚಿ,

ಇಪ್ಪತ್ತಾರು ತುಂಬಿದವಳನ್ನು ಹೀಗೆ ಕರೆದಳಲ್ಲ ಎಂದು ಮುಖ ಸಿಂಡರಿಸಬೇಡ. ಹೇಗಿದ್ದೀಯ? ಗಂಟಲು ಕಟ್ಟುವುದು ಕಡಿಮೆಯಾಯಿತೆ? ದಿನವಿಡೀ ಶಾಲೆಯ ಮಕ್ಕಳಿಗೆ ಹಾಡು ಕಲಿಸುವವಳು ಬಿಸಿನೀರನ್ನಾದರೂ ಕುಡಿ. ಮಂಡಿಯೊಂದು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ಇವತ್ತು ನನ್ನ ಉಪವಾಸ. ನೀರು ತುಂಬಿಸಿ, ಕಸ ಗುಡಿಸಿ, ಬಟ್ಟೆ ಒಗೆದು ಹಾಕಿ, ನಿನ್ನ ಮಾವನಿಗೆ ತಿಂಡಿ ಕೊಟ್ಟು ಅಂಗಡಿಗೆ ಕಳಿಸಿದರೂ ಇನ್ನೂ ಎಂಟು ಗಂಟೆ. ಉಣ್ಣುವ ಕೆಲಸವಿಲ್ಲದ ದಿನ ಹೊತ್ತೇ ಹೋಗುವುದಿಲ್ಲ ನೋಡು.

ಭಾನುವಾರ ನಿನ್ನ ಹಾಡಿನ ನಾಟಕ ಓದಿದರು. ನೀನಂತೂ ಹೇಳಲಿಲ್ಲ. ನಾಟಕದವರಿಗೆ ಬಟ್ಟೆ ಹೊಲಿಯುವ ಮಾವನೇ ಸುದ್ದಿ ತಂದ. “ಅಕ್ಕಾ, ನಿನ್ನ ಮಗಳು ಬರೆದದ್ದನ್ನ ವಾಚನಾಲಯದ ಮಹಡೀಲಿ ಓದ್ತಾರಂತೆ. ವೇಷ ಗೀಷ ಏನೂ ಬೇಡವಂತೆ, ಸೊಸೆಯಿಂದ ನನಗೊಂದು ಗುಂಡಿ ಹಾಕೋ ಕೆಲಸಾನೂ ಇಲ್ಲ” ಎಂದು ಗೊಣಗುತ್ತಲೇ ಕರೆದುಕೊಂಡು ಹೋದ. ಬಣ್ಣವಿಲ್ಲ, ಪರದೆಯಿಲ್ಲ. ಏಳು ಜನ ಕುರ್ಚಿಯಲ್ಲಿ ಕೂತು ಹಾಳೆ ನೋಡಿ ಓದುವುದು, ಹಾಡು ಬಂದರೆ ಎದ್ದು ನಿಂತು ಹಾಡುವುದು. ಮೂಲೆಯಲ್ಲೊಬ್ಬಳು “ಈಗ ಬೆಳಗಿನ ಜಾವ”, “ಈಗ ಮಗಳು ಪೆಟ್ಟಿಗೆ ಎತ್ತಿಕೊಂಡಳು” ಎಂದು ಹೇಳುತ್ತಾಳೆ. ನಾಟಕವೋ ಪಾಠವೋ ಅಂದುಕೊಂಡೆ. ಮೊದಲ ಹಾಡು ಎದ್ದ ಕೂಡಲೇ ಮುಂದಕ್ಕೆ ಬಾಗಿ ಕೂತೆ. ನೀನು ಪಾತ್ರೆ ತೊಳೆಯುತ್ತಾ ಗುನುಗುತ್ತಿದ್ದ ರಾಗವದು. ನಾಲ್ಕು ವರ್ಷವಾಯಿತು ಕೇಳಿ.

ಕಡೆಯಲ್ಲಿ ಆ ಮಗಳು ಮನೆ ಬಿಟ್ಟು ಹೊರಡುತ್ತಾಳಲ್ಲ, ಹೊಸ್ತಿಲಲ್ಲಿ ಕಾಯುತ್ತಾಳೆ. ಒಳಕೋಣೆಯ ಮುಚ್ಚಿದ ಬಾಗಿಲ ಹಿಂದೆ ತಾಯಿ ಪ್ರಾರ್ಥನೆ ಹೇಳುತ್ತಾಳೆ, ಮುಗಿಸುತ್ತಾಳೆ, ಮತ್ತೆ ಮೊದಲಿಂದ ಹೇಳುತ್ತಾಳೆ. ಮೂರನೆಯದು ಶುರುವಾದಾಗ ಮಗಳು ಹೊರಟೇಹೋಗುತ್ತಾಳೆ. ನೀನು ಎಣಿಸಿಕೊಂಡಿದ್ದೆ ಎಂದು ನನಗೆ ತಿಳಿದಿರಲಿಲ್ಲ ಮಗಳೇ.

ಓದಿಯಾದ ಮೇಲೆ ಎಲ್ಲರಿಗೂ ಚೀಟಿ ಕೊಟ್ಟರು. ಎಲ್ಲಿ ಬೇಜಾರಾಯಿತು, ಏನು ಅರ್ಥವಾಗಲಿಲ್ಲ ಎಂದು ಹೆಸರು ಹಾಕದೆ ಬರೆದು ಡಬ್ಬಿಗೆ ಹಾಕಬೇಕು. ಅದನ್ನು ನೋಡಿ ತಿದ್ದಿ, ಇನ್ನೊಮ್ಮೆ ಓದಿ, ಆಮೇಲೆ ಆಡುವುದಂತೆ. ಡಬ್ಬಿ ಅಂದಮೇಲೆ ಬೀಗ ಹಾಕಿ ಒಯ್ಯುತ್ತಾರೆ ಅಂದುಕೊಂಡು ನಾನೂ ಬರೆದು ಹಾಕಿಬಿಟ್ಟೆ. ನಿರ್ದೇಶಕರು ಅಲ್ಲೇ ತೆರೆದು ಗಟ್ಟಿಯಾಗಿ ಓದತೊಡಗಿದರು! “ಆ ತಾಯಿ ಕಲ್ಲು.” “ಪ್ರಾರ್ಥನೆ ಒಂದು ಸಲ ಸಾಕಪ್ಪಾ, ದೇವರಿಗೂ ಕಿವಿನೋವು.” ಎಲ್ಲರೂ ನಕ್ಕರು, ನಿನ್ನ ಮಾವನೂ. ನಿರ್ದೇಶಕರು “ಸರಿ, ಒಂದೇ ಸಲ ಇಟ್ಕೊಳ್ಳೋಣ” ಎಂದು ಹಾಳೆಯ ಮೇಲೆ ಗೀಟು ಎಳೆದರು. ಆಮೇಲೆ ನನ್ನ ಚೀಟಿ ಅವರ ಕೈಗೆ ಬಂತು: “ಮೂರು ಸಲವೇ ಇರಲಿ. ಪ್ರಾರ್ಥನೆ ಮೊದಲನೇ ಸಲಕ್ಕೇ ಮುಗಿದಿತ್ತು. ಅವಳಿಗೆ ಎದ್ದು ಬರುವ ಧೈರ್ಯವಿರಲಿಲ್ಲ.” ಯಾರೂ ನಗಲಿಲ್ಲ. “ಯಾರು ಬರೆದದ್ದು? ಒಳ್ಳೇ ಕಲ್ಪನೆ ಕಣ್ರೀ! ತಾಯಿಗೊಂದು ಹಾಡು ಬರೆಸಬೇಕು” ಎಂದರು. ನಾನು ಚಪ್ಪಲಿ ಹುಡುಕುವವಳ ಹಾಗೆ ಬಗ್ಗಿದವಳು ಜನ ಏಳುವವರೆಗೂ ತಲೆ ಎತ್ತಲಿಲ್ಲ.

ನಿನ್ನ ಕಾಗದಗಳಲ್ಲಿ ಚಳಿ, ಕೆಮ್ಮು, ಶಾಲೆ ಎಲ್ಲ ಇರುತ್ತದೆ. ನೀನು ಮನೆ ಬಿಟ್ಟ ಆ ಬೆಳಗೊಂದು ಇರುವುದಿಲ್ಲ. ನಾನೂ ಬರೆದವಳಲ್ಲ ಬಿಡು.

ದೇವರು ನಿನ್ನ ದನಿಯನ್ನೂ ನಿನ್ನನ್ನೂ ಚೆನ್ನಾಗಿಟ್ಟಿರಲಿ. ಮಾವ ನಿನ್ನನ್ನು ಕೇಳಿದ್ದಾನೆ.

ನಿನ್ನ
ಅಮ್ಮ

ತಾ.ಕ.: ಚೀಟಿಗಳನ್ನೆಲ್ಲ ಕಟ್ಟಿ ನಿನಗೇ ಕಳಿಸುತ್ತಾರಂತೆ. ನನ್ನ ಅಕ್ಷರ ನಿನಗೆ ಗೊತ್ತಾಗುತ್ತದೆ, ಅದಕ್ಕೇ ಮೊದಲೇ ಹೇಳುತ್ತೇನೆ, ಅದು ಕಲ್ಪನೆಯಲ್ಲ. ಹೊರಗೆ ಬಂದರೆ ‘ಹೋಗಬೇಡ’ ಅಂದುಬಿಡುತ್ತೇನೆ, ನೀನು ನಿಂತುಬಿಡುತ್ತೀಯ ಎಂಬ ಹೆದರಿಕೆ ನನಗೆ. ಮೂರನೆಯದನ್ನು ಅರ್ಧಕ್ಕೇ ಬಿಟ್ಟು ಓಡಿ ಬಂದೆ, ಬೀದಿಯಲ್ಲಿ ನೀನಿರಲಿಲ್ಲ. ಹಾಡು ಬರೆಯುವುದು ಬಿಡುವುದು ನಿನ್ನಿಷ್ಟ. ಮುಂದಿನ ತಿಂಗಳು ಎರಡನೇ ಓದು ಇದೆ, ಬಾ. ಬರುತ್ತೀಯೋ ಇಲ್ಲವೋ ಒಂದೇ ಸಾಲು ಬರೆ. ಅಂಚೆಯವನು ಬರುವವರೆಗೆ ಕಾಯಲು ನನ್ನಿಂದಾಗದು, ‘ಬುಧವಾರ ನೀನೇ ಅಂಚೆ ಕಚೇರಿಗೆ ಹೋಗಿ ಅವಳ ಕಾಗದ ಕೇಳಿಕೊಂಡು ಬಾರಪ್ಪಾ’ ಎಂದು ಮಾವನಿಗೆ ಹೇಳಿದ್ದೇನೆ.